ಹಿತ್ತಲ ಬಾಗಿಲಿನ ರಜೆ

ನನ್ನ ಅತ್ತೆ ಬದುಕಿದ್ದಾಗ ಮನೆಗೆ ಬಂದ ಬೀಗರ ಮುಂದೆ ನನ್ನ ನೌಕರಿಯನ್ನು ಒಂದೇ ಉಸಿರಿನಲ್ಲಿ ವಿವರಿಸಿಬಿಡುತ್ತಿದ್ದರು. "ನಮ್ಮ ಶಾಂತಾ ಮನ್ಯಾಗ ಯಾರ ಮಾತೂ ಕೇಳಂಗಿಲ್ರಿ. ಹೊರಗ ಮಂದಿ ಮಾತು ಕೇಳಾಕ ಪಗಾರ ತಗೋತಾಳ." ಬೀಗರು ನಗುತ್ತಿದ್ದರು. ನಾನು ಚಹಾದ ಕಪ್ಪುಬಸಿಗಳನ್ನು ತುಸು ಜೋರಾಗಿಯೇ ಅವರ ಮುಂದೆ ಇಡುತ್ತಿದ್ದೆ. ಈಗ ನಿವೃತ್ತಳಾಗಿ ನವಲಗುಂದದ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿಕೊಂಡು ಕುಳಿತಾಗ, ನನ್ನ ಕೆಲಸವನ್ನು ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಿಲ್ಲ ಅನಿಸುತ್ತದೆ.

ಈ ಕೆಲಸಕ್ಕೆ ಎಕ್ಸಿಕ್ಯುಟಿವ್ ಕೋಚಿಂಗ್ ಎಂಬ ದೊಡ್ಡ ಹೆಸರಿದೆ. ಹೆಸರು ದೊಡ್ಡದಾದರೂ ಕೆಲಸ ಸಾದಾ. ಒಂದು ಕಾರ್ಖಾನೆಯನ್ನೋ ಅಂಗಡಿಯನ್ನೋ ಸಂಘವನ್ನೋ ನಡೆಸುವ ಮನುಷ್ಯನ ಎದುರು ಕುಳಿತು, ಅವನ ಕೆಲಸದ ಗಂಟನ್ನು ಅವನೇ ಬಿಡಿಸಿಕೊಳ್ಳುವ ಹಾಗೆ ಪ್ರಶ್ನೆ ಕೇಳುವುದು. ಉತ್ತರ ನಮಗೆ ಗೊತ್ತಿದ್ದರೂ ಹೇಳಬಾರದು. ಇದು ಎಂಥ ಶಿಕ್ಷೆ ಎಂಬುದು ನನ್ನಂಥವಳಿಗೇ ಗೊತ್ತು. ನಾನು ಹುಟ್ಟಿದ್ದು ಶಲವಡಿಯಲ್ಲಿ. ನಮ್ಮೂರಲ್ಲಿ ಬಸ್ಸು ಕಾಯುತ್ತ ನಿಂತವರಿಗೆ ಪರಿಚಯ ಇರಲಿ ಬಿಡಲಿ ಒಂದು ಬುದ್ಧಿಮಾತು ಹೇಳದಿದ್ದರೆ ಉಂಡದ್ದು ಕರಗುವುದಿಲ್ಲ.

ನನಗೆ ಈ ಕೆಲಸ ಕಲಿಸಿದವರು ಹುಬ್ಬಳ್ಳಿಯ ದೇಶಪಾಂಡೆ ಸರ್. ನಾನು ಅವರ ಕೈಕೆಳಗೆ ಒಂದು ಫ್ಯಾಕ್ಟರಿಯ ಸಿಬ್ಬಂದಿ ವಿಭಾಗದಲ್ಲಿದ್ದೆ. ಮೊದಲ ಸಲ ಒಬ್ಬ ಸೂಪರ್‌ವೈಸರ್ ಜೊತೆ ನನ್ನನ್ನು ಕೂರಿಸಿ, ತಾವು ಮೂಲೆಯಲ್ಲಿ ಪೇಪರು ಓದುವ ನಾಟಕ ಮಾಡಿದರು. ಸೂಪರ್‌ವೈಸರ್ ಬಾಯಿ ತೆರೆಯುವುದರೊಳಗೆ ಅವನು ಹೆಂಡತಿಯ ಜೊತೆ ಹೇಗಿರಬೇಕು ಎಂಬಲ್ಲಿಯವರೆಗೆ ನಾನು ಹೇಳಿ ಮುಗಿಸಿದ್ದೆ. ಅವನು ಹೋದ ಮೇಲೆ ಸರ್ ಅಂಗಿಯ ಕಿಸೆಯಿಂದ ಒಂದು ಸಣ್ಣ ಡಬ್ಬಿ ತೆಗೆದರು. ಒಳಗೆ ಲವಂಗ.

"ಶಾಂತಾಬಾಯಿ, ನಿಮಗ ಬುದ್ಧಿ ಛಲೋ ಅದ. ಆದ್ರ ಬಾಯಿ ಅದಕ್ಕಿಂತ ಮುಂದ ಓಡತದ. ಇದನ್ನ ದವಡ್ಯಾಗ ಇಟ್ಕೋರಿ. ಉಪದೇಶ ಮಾಡಬೇಕು ಅನಿಸಿದಾಗೆಲ್ಲ ಕಚ್ಚರಿ."

ಅಂದಿನಿಂದ ನಿವೃತ್ತಿಯ ದಿನದವರೆಗೆ ನಾನು ಕಚ್ಚಿದ ಲವಂಗಕ್ಕೆ ಲೆಕ್ಕವಿಲ್ಲ. ನನ್ನ ಹಲ್ಲು ಇನ್ನೂ ಗಟ್ಟಿಯಾಗಿರುವುದಕ್ಕೆ ಅದೇ ಕಾರಣ ಎಂದು ದಂತವೈದ್ಯರು ಹೇಳುತ್ತಾರೆ. ಈ ಕೆಲಸದಿಂದ ನನಗಾದ ಲಾಭಗಳಲ್ಲಿ ಅದನ್ನೂ ಸೇರಿಸುತ್ತೇನೆ.

ಶುರುವಿನಲ್ಲಿ ಮುಗ್ಗರಿಸಿದ್ದೂ ಉಂಟು. ಬೆಂಗಳೂರಿನಲ್ಲಿ ಒಂದು ತರಬೇತಿ ಮುಗಿಸಿ, ಅಲ್ಲಿ ಕಲಿಸಿದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಕುಂದಗೋಳ ಕಡೆಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಹೋದೆ. ಮ್ಯಾನೇಜರನ ಕಣ್ಣಲ್ಲಿ ಕಣ್ಣಿಟ್ಟು, "ಈ ಕ್ಷಣದಲ್ಲಿ ನಿಮ್ಮೊಳಗೆ ಏನಾಗುತ್ತಿದೆ?" ಎಂದು ಮೃದುವಾಗಿ ಕೇಳಿದೆ. ಅವನು ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ತನ್ನೊಳಗೆ ನೋಡಿಕೊಂಡ. "ಹಸಿವು ಆಗೇತ್ರಿ. ಡಬ್ಬಿ ಬಿಚ್ಚೂಣೇನ್ರಿ?" ಅಂದ. ಬೇರೆ ದಾರಿ ಕಾಣದೆ ನಾನೂ ಕುಳಿತೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ರೊಟ್ಟಿ ಮುರಿಯುತ್ತ ಮುರಿಯುತ್ತ ಅವನು ತನ್ನ ಮೇಲಿನವರ ಬಗ್ಗೆ, ಕೆಳಗಿನವರ ಬಗ್ಗೆ, ತನ್ನ ಅಂಜಿಕೆಯ ಬಗ್ಗೆ ತಾನಾಗಿಯೇ ಹೇಳಿಕೊಂಡ. ಆಮೇಲೆ ನಾನು ಎಷ್ಟೋ ಮಾತುಕತೆಗಳನ್ನು ಊಟದ ಹೊತ್ತಿಗೇ ಇಟ್ಟುಕೊಳ್ಳತೊಡಗಿದೆ.

ಇನ್ನೊಮ್ಮೆ ಬಮ್ಮಿಗಟ್ಟಿ ಕಡೆಯ ಒಂದು ಸಹಕಾರಿ ಸಂಘದ ಹಿರಿಯರು ನನ್ನ ಪ್ರಶ್ನೆಗಳನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, "ಅಕ್ಕಾರ, ಈಗ ನಾ ಒಂದ ಪ್ರಶ್ನಿ ಕೇಳ್ತೇನಿ. ಉತ್ತರಾ ಎಲ್ಲಾ ನಾನ ಕೊಡೂದಾದ್ರ ನೀವ್ಯಾಕ ಬಂದೀರಿ?" ಅಂದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಕರೆಯುವ ಹಾಗೆ ನನ್ನನ್ನೂ ಎಲ್ಲರೂ ಅಕ್ಕಾರು ಎಂದೇ ಕರೆಯುತ್ತಿದ್ದರು. ಅವತ್ತು ಅಕ್ಕಾರ ಬಳಿ ಉತ್ತರವಿರಲಿಲ್ಲ. ಈಗ ಇದೆ. ತನ್ನ ಬೆನ್ನು ತನಗೆ ಕಾಣುವುದಿಲ್ಲ, ಅಷ್ಟೇ. ಆ ಹಿರಿಯರು ಈಗಿಲ್ಲ. ಇದ್ದಿದ್ದರೆ ಬಸ್ಸು ಹತ್ತಿ ಹೋಗಿ ಹೇಳಿ ಬರುತ್ತಿದ್ದೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಅವರು ಲ್ಯಾಪ್‌ಟಾಪಿನ ಪರದೆಯ ಮೇಲೇ ಕೋಚಿಂಗ್ ಮಾಡುತ್ತಾರೆ. ಮಾಡಲಿ, ಬಸ್ಸಿನ ಧೂಳು ತಪ್ಪಿತು. ಅವರೆಲ್ಲರೂ ಕೇಳುವ ಪ್ರಶ್ನೆ ಒಂದೇ: "ಮೇಡಂ, ಇದರಿಂದ ಧಂದೆಗೆ ಏನು ಲಾಭ ಅಂತ ಮಾಲೀಕರು ಕೇಳ್ತಾರೆ. ಏನು ಹೇಳಬೇಕು?" ಅಂಥವರಿಗೆ ನಾನು ಅಣ್ಣಿಗೇರಿ ಆಚೆಯ ಒಂದು ದಾಲ್ ಮಿಲ್ಲಿನ ಕಥೆ ಹೇಳುತ್ತೇನೆ. ನನ್ನ ನೌಕರಿಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಪ್ರಕರಣ ಅದು, ಅತಿ ಹೆಚ್ಚು ಲವಂಗ ಖರ್ಚಾದದ್ದೂ ಅಲ್ಲೇ.

ಮಿಲ್ಲಿನ ಮಾಲೀಕರು ಚನ್ನಬಸಪ್ಪ ಸಾಹುಕಾರರು. ರಸ್ತೆಗೆ ಮುಖ ಮಾಡಿ ಮಿಲ್ಲು, ಅದಕ್ಕೆ ಹತ್ತಿಕೊಂಡೇ ಅವರ ಮನೆ. ಮನೆಯ ಹಿತ್ತಲ ಬಾಗಿಲು ಮಿಲ್ಲಿನ ಅಂಗಳಕ್ಕೇ ತೆರೆಯುತ್ತಿತ್ತು. ಈ ಬಾಗಿಲನ್ನು ನೆನಪಿಟ್ಟುಕೊಳ್ಳಿ. ಮಿಲ್ಲಿನ ಮುಂಭಾಗದಲ್ಲಿ ಬಿಳಿ ಗಾದಿ ಹಾಸಿ, ಲೋಡಿಗೆ ಒರಗಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಸಾಹುಕಾರರು ಬೆಳಗಿನಿಂದ ಸಂಜೆಯವರೆಗೆ ಕುಳಿತಿರುತ್ತಿದ್ದರು. ಪೇಟೆಯ ಕಂಪನಿಯೊಂದರಲ್ಲಿ ಕೆಲಸ ಮಾಡಿ ಬಂದಿದ್ದ ಅವರ ಸೊಸೆ ಹಟ ಹಿಡಿದು ನನ್ನನ್ನು ಕರೆಸಿದ್ದಳು. ಸಾಹುಕಾರರಿಗೆ ನನ್ನ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ.

"ಅಕ್ಕಾರ, ನಮ್ಮ ಮ್ಯಾನೇಜರ್ ರಮೇಶನ ಬಾಯಿ ಒಂದ ಸರಿ ಮಾಡಿ ಕೊಡ್ರಿ," ಅಂದರು. "ಹುಡುಗ ಪ್ರಾಮಾಣಿಕ. ಮಾಲಿನ ವಿಚಾರದಾಗ ಅಗದಿ ಪಕ್ಕಾ. ಆದ್ರ ಹೊತ್ತು ಹೊಂಟ್ರ ಚೀರತಾನ. ಅವನ ಬಾಯಿಗೆ ಅಂಜಿ ಛಲೋ ಛಲೋ ಆಳು ಬಿಟ್ಟ ಹೊಂಟಾವು. ಯುಗಾದಿ ತನಕ ನೋಡ್ತೇನಿ. ಸುಧಾರಿಸಿದ್ರ ಛಲೋ. ಇಲ್ಲಾಂದ್ರ ಕೀಲಿ ಇಸಗೊಂಡು, ಕೈ ಮುಗದು ಮನಿಗೆ ಕಳಸ್ತೇನಿ."

"ಆತ್ರಿ," ಅಂದೆ.

"ಮತ್ತ ಇದರಿಂದ ನಮಗ ಗಿಟ್ಟೂದೇನು? ಅದನ್ನ ಮೊದಲ ಹೇಳ್ರಿ."

ನಾಲಿಗೆಯ ತುದಿಗೆ ಒಂದು ಭಾಷಣ ಬಂದಿತ್ತು. ಲವಂಗ ಕಚ್ಚಿದೆ. "ಯುಗಾದಿಗೆ ಅದನ್ನ ನೀವ ಹೇಳ್ರಿ ಸಾವ್ಕಾರ್ರ," ಅಂದೆ.

ರಮೇಶ ನಮ್ಮ ಶಲವಡಿಯವನೇ. ಬೌದ್ಧ ಮನೆತನ, ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೋ. ತಂದೆ ಯಲ್ಲಪ್ಪ ಇದೇ ಮಿಲ್ಲಿನಲ್ಲಿ ಹಮಾಲ. ಸೊಂಟ ಸೋಲುವವರೆಗೆ ಇದೇ ಅಂಗಳದಲ್ಲಿ ಚೀಲ ಹೊತ್ತಿದ್ದ. ಮಗ ಕಾಮರ್ಸ್ ಡಿಗ್ರಿ ಮಾಡಿ, ಹುಬ್ಬಳ್ಳಿಯಲ್ಲಿ ಒಂದೆರಡು ಕಡೆ ದುಡಿದು, ತಂದೆ ಚೀಲ ಹೊತ್ತ ಅಂಗಳಕ್ಕೇ ಮ್ಯಾನೇಜರ್ ಆಗಿ ಬಂದಿದ್ದ. ಅವರ ಓಣಿಯಿಂದ ಕೀಲಿಗೊಂಚಲು ಹಿಡಿದವನು ಇವನೇ ಮೊದಲಿಗ. ಯಲ್ಲಪ್ಪ ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ನಾ ಹೊತ್ತ ಚೀಲಕ್ಕ ನನ್ನ ಮಗ ಕೀಲಿ ಹಾಕ್ತಾನ್ರಿ" ಎಂದು ಹೇಳುತ್ತ ತಿರುಗುತ್ತಿದ್ದ. ಆ ಕೀಲಿ ಯುಗಾದಿಗೆ ಕೈತಪ್ಪಿದರೆ ಅಪ್ಪನ ಮುಖ ಹೇಗೆ ನೋಡಲಿ ಎಂಬುದೊಂದೇ ರಮೇಶನ ಚಿಂತೆ.

ಚೀರುವ ವಿಷಯವನ್ನು ನಾನು ಸುತ್ತಿ ಬಳಸಿ ಕೇಳಲಿಲ್ಲ. ಅವನೂ ಮುಚ್ಚಿಡಲಿಲ್ಲ.

"ಮೆತ್ತಗ ಹೇಳಿದ್ರ ಯಾರ ಕೇಳ್ತಾರ್ರಿ ಅಕ್ಕಾರ? ಹಳೇ ಮಂದಿ ನನ್ನ ಚಡ್ಡಿ ಹಾಕ್ಕೊಂಡಿದ್ದಾಗಿಂದ ನೋಡ್ಯಾರ. ಯಲ್ಲಪ್ಪನ ಮಗಾ ರಮ್ಯಾ ಅಂತನ ಅಂತಾರ. ನಾಳೆ ರಜಾ ಇಲ್ಲಾ ಅಂದ್ರ ತಲಿ ಅಲ್ಲಾಡಸ್ತಾರ, ನಾಳೆ ನೋಡಿದ್ರ ಇರಂಗಿಲ್ಲ. ಚೀರಲಾರದ ಏನ್ ಮಾಡ್ಲಿ?"

ಅವನ ಧ್ವನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ನನಗೆ ಸಂಕಟವಾಯಿತು. ಸಿಟ್ಟು ಮಾಡಿಕೊಳ್ಳಬೇಡ ಎಂದು ಹೇಳುವುದು ಸುಲಭ. ಅವನ ಮಾತಿಗೆ ಬೆಲೆ ಯಾಕಿಲ್ಲ ಎಂಬುದು ಮಾತ್ರ ನನಗೂ ತಿಳಿಯಲಿಲ್ಲ. ಓಣಿಯ ಕಾರಣಕ್ಕೇ ಎಂದು ಅವನು ನಂಬಿದ್ದ. ಒಂದಿಷ್ಟು ಮಂದಿಯ ವಿಷಯದಲ್ಲಿ ಅದು ನಿಜವೂ ಇತ್ತು, ಅದನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ಅವನ ಓಣಿಯ ಆಳುಗಳೇ ಹೇಳದೆ ಕೇಳದೆ ಮಾಯವಾಗುತ್ತಿದ್ದರಲ್ಲ?

ಅದಕ್ಕೆ ಉತ್ತರ ಲಗ್ನದ ಸೀಜನ್ನಿನಲ್ಲಿ ಸಿಕ್ಕಿತು. ಕಡಲೆ ಸುಗ್ಗಿ ಜೋರಾಗಿತ್ತು. ಬೇಳೆ ತುಂಬಿಕೊಂಡು ಹೋಗಲು ಲಾರಿ ಬಂದು ನಿಂತಿತ್ತು. ಅವತ್ತು ರಮೇಶನ ಜೊತೆ ಮಾತಾಡಲೆಂದು ನಾನು ಬೆಳಗಿನ ಬಸ್ಸಿಗೇ ಹೋಗಿದ್ದೆ. ನೋಡಿದರೆ ಅಂಗಳ ಖಾಲಿ. ಮಷಿನ್ ನೋಡುವ ಹನಮಪ್ಪನ ತಂಗಿಯ ಮಗಳ ಲಗ್ನ ನವಲಗುಂದದಲ್ಲಿ. ಹನಮಪ್ಪ ಹೋಗಿದ್ದ, ಸರಿ. ಅವನ ಜೊತೆ ಹಮಾಲರು ಹೋಗಿದ್ದರು. ಬೇಳೆ ಆರಿಸುವ ಹೆಣ್ಣುಮಕ್ಕಳು ಹೋಗಿದ್ದರು. ಟೆಂಪೋ ಡ್ರೈವರ್ ಹೋಗಿದ್ದ, ಟೆಂಪೋ ಸಮೇತ. ಅಂಗಳದಲ್ಲಿ ಉಳಿದವರು ರಮೇಶ, ವಾಚ್‌ಮನ್, ನಾನು, ಮತ್ತು ಬೀಡಿ ಸೇದುತ್ತ ನಮ್ಮ ಮೂವರನ್ನು ನೋಡುತ್ತಿದ್ದ ಲಾರಿಯ ಡ್ರೈವರ್, ಕ್ಲೀನರ್.

ರಮೇಶ ಲಾರಿಯನ್ನೊಮ್ಮೆ, ಚೀಲಗಳನ್ನೊಮ್ಮೆ ನೋಡಿದ. ಆಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಬೆನ್ನಿಗೆ ಗೋಣಿ ಹೊದ್ದು ಚೀಲಕ್ಕೆ ಬೆನ್ನು ಕೊಟ್ಟ. ಡ್ರೈವರ್, ಕ್ಲೀನರ್ ನಾಚಿಕೊಂಡು ಕೈ ಹಚ್ಚಿದರು. ಸಾಹುಕಾರರು ಗಾದಿಯಿಂದ ಎದ್ದು ಬಂದು, "ಏ ಬ್ಯಾಡೋ, ನೀ ಯಾಕ ಹೊರ್ತಿ?" ಅಂದರು. ಅವನು ಇನ್ನೊಂದು ಚೀಲಕ್ಕೆ ಬಾಗಿದ. ಚೀಲದ ಮೇಲೆ ಚೀಲ ಏರಿಸಿದ. ಮಧ್ಯಾಹ್ನ ಅಂಗಿ ಹಾಕಿಕೊಳ್ಳುತ್ತ ನನಗಷ್ಟೇ ಕೇಳುವ ಹಾಗೆ, "ಇದನ್ನ ಮಾಡಬಾರ್ದು ಅಂತನ ಅಪ್ಪ ನನ್ನ ಓದಿಸಿದ್ದ" ಅಂದ. ಆಗ ನಾನು ಲವಂಗ ಕಚ್ಚಬೇಕಾಗಲೇ ಇಲ್ಲ, ನೀರಿನ ತಂಬಿಗೆಯನ್ನು ಅವನ ಮುಂದೆ ಹಿಡಿದೆ.

ಉಳಿದುಹೋದ ಮಾತಿಗೆಂದು ಮರುದಿನವೂ ನಾನು ಹೋಗಿದ್ದೆ. ಎಲ್ಲರೂ ಕೈಯಲ್ಲಿ ಲಗ್ನದ ಬುಂದೆ ಉಂಡಿ ಹಿಡಿದುಕೊಂಡು ನಗುನಗುತ್ತ ಬಂದರು. ರಮೇಶನ ಚೀರಾಟ ರಸ್ತೆಯವರೆಗೆ ಕೇಳಿಸಿತು. ಅದಕ್ಕೆ ಹನಮಪ್ಪ ಮುಗ್ಧವಾಗಿ ಕೊಟ್ಟ ಉತ್ತರ ನನ್ನ ಕಿವಿಗೂ ಬಿತ್ತು: "ಯಾಕ ಚೀರ್ತೀರಿ ಸಾಹೇಬ್ರ? ಅವ್ವಾರಿಗೆ ಹೇಳೇ ಹೋಗೇವಲ್ಲ!"

ಅವ್ವಾರು ಎಂದರೆ ಸಾಹುಕಾರರ ಹೆಂಡತಿ ನೀಲವ್ವ. ನಾನು ನೇರವಾಗಿ ಹಿತ್ತಲಿಗೆ ಹೋಗಿ ಅವರ ಜೊತೆ ಮೆಂತ್ಯ ಸೊಪ್ಪು ಬಿಡಿಸುತ್ತ ಕುಳಿತೆ. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಬೇಳೆ ಆರಿಸುವ ಹೆಣ್ಣುಮಗಳೊಬ್ಬಳು ಹಿತ್ತಲ ಬಾಗಿಲಿಗೆ ಬಂದು, ಹೊಸ್ತಿಲಾಚೆ ನಿಂತು, "ಯವ್ವಾ, ನಾಳೆ ನಮ್ಮ ಸ್ವಾದರತ್ತಿ ಊರಾಗ ಸೀಮಂತ ಐತಿ. ಹೋಗಿ ಬರ್ತೇನ್ರಿ" ಅಂದಳು. ನೀಲವ್ವ ತಲೆ ಎತ್ತಿ ನಕ್ಕು, "ಹೋಗಿ ಬಾರವಾ" ಅಂದರು. ಒಂದು ಲೋಟ ಮಜ್ಜಿಗೆ ಕೊಟ್ಟು, ಸೀಮಂತದವಳಿಗೆಂದು ಒಂದು ಕುಪ್ಪಸದ ಖಣ ಕೊಟ್ಟು ಕಳಿಸಿದರು.

"ಆಕಿಗೆ ರಜಾ ಕೊಟ್ರೇನ್ರಿ?" ಎಂದು ಕೇಳಿದೆ.

"ರಜಾ ಕೊಡಾಕ ನಾ ಯಾರ್ರಿ? ಹೋಗಿ ಬರ್ತೇನಿ ಅಂದ್ಲು, ಹೋಗಿ ಬಾ ಅಂದ್ನಿ. ಹೊಸ್ತಿಲದಾಗ ನಿಂತು ಹೋಗಿ ಬರ್ತೇನಿ ಅಂದವರಿಗೆ ಬ್ಯಾಡಾ ಅನ್ನಾಕ ಬರತೈತೇನ್ರಿ? ಅದೂ ಶುಭಕಾರ್ಯಕ್ಕ ಹೊಂಟಾರ!"

"ನಿನ್ನೆ ಲಗ್ನಕ್ಕ ಹೋದವರು?"

"ಅವರೂ ಬಂದಿದ್ರು. ಒಬ್ಬೊಬ್ಬರ ಬಂದು ಹೇಳಿ ಹೋದ್ರು. ಮರ್ಯಾದಿ ಮಂದಿ, ಹೇಳಲಾರದ ಹೋಗಂಗಿಲ್ಲ."

"ಯಾರ್ಯಾರು ಬಂದಿದ್ರು?"

ನೀಲವ್ವ ಸೊಪ್ಪು ಬಿಡಿಸುತ್ತಲೇ ಒಂದೊಂದೇ ಹೆಸರು ಹೇಳತೊಡಗಿದರು. ಹೆಸರು ಹೆಚ್ಚಾದಂತೆ ಅವರ ಕೈ ನಿಧಾನವಾಯಿತು. ಟೆಂಪೋ ಡ್ರೈವರನ ಹೆಸರಿಗೆ ಬರುವಷ್ಟರಲ್ಲಿ ಕೈ ಪೂರ್ತಿ ನಿಂತಿತು. ನನ್ನ ಮುಖ ನೋಡಿದರು. "ಅಯ್ಯ ಶಿವನ! ಆ ಹುಡುಗ ನಿನ್ನೆ ನನ್ನಿಂದ ಚೀಲಾ ಹೊತ್ತನೇನ್ರಿ?"

 ಅವರು ಅಲ್ಲಿಂದಲೇ ಗಂಡನನ್ನು ಕೂಗಿದರು. "ಏನ್ರೀ, ಬರ್ರಿ ಇಲ್ಲಿ! ನಿನ್ನೆ ಗಿರಣಿ ಖಾಲಿ ಮಾಡಿದಾಕಿ ನಾನಂತ!"

ಸಾಹುಕಾರರು ಬಂದು ವಿಷಯ ಕೇಳಿ ಮೊದಲು ನಕ್ಕರು. ಆಮೇಲೆ ಕೆಮ್ಮಿದರು. ಆಮೇಲೆ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡರು. "ನೀ ಒಬ್ಬಾಕಿನ ಅಲ್ಲ ಬಿಡ," ಅಂದರು ಕೊನೆಗೆ. "ಹಮಾಲರು ನನ್ನ ಕಡೇನೂ ಬಂದಿದ್ರು. ರಮೇಶ ಬ್ಯಾಡ ಅಂದಾನ್ರಿ ಅಂದ್ರು. ಪಾಪ, ಲಗ್ನ ಐತಿ, ಹೋಗಿ ಬರ್ರಿ ಅಂದ್ನಿ. ಎಲ್ಲಾರೂ ಹೋಗ್ತಾರಂತ ನನಗೇನ ಗೊತ್ತು?"

ಮಕ್ಕಳೇ, ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಯಾರನ್ನು ಸರಿ ಮಾಡಿ ಎಂದು ನಮ್ಮನ್ನು ಕರೆಸುತ್ತಾರೋ ಅವನಲ್ಲಿ ರೋಗ ಇರುವುದು ಅಪರೂಪ. ಬಹಳ ಸಲ ಕರೆಸಿದವರ ಮನೆಯಲ್ಲೇ ಇರುತ್ತದೆ, ಅದೂ ಒಳ್ಳೆಯತನದ ವೇಷದಲ್ಲಿ. ಅದನ್ನು ಅವರಿಗೆ ಹೇಳಿದರೆ ನಮ್ಮನ್ನು ಚಹಾ ಕೊಟ್ಟು ಬಸ್ಸು ಹತ್ತಿಸುತ್ತಾರೆ. ಅವರೇ ಹೇಳಿಕೊಂಡರೆ ಊಟ ಹಾಕುತ್ತಾರೆ. ಅವತ್ತು ನನಗೆ ಊಟ ಸಿಕ್ಕಿತು.

ಊಟವಾದ ಮೇಲೆ, ರಜೆಗೆ ಹೂಂ ಅನ್ನುವವನು ಇನ್ನು ರಮೇಶನೊಬ್ಬನೇ ಆಗಬೇಕು ಎಂಬುದು ಹೊಳೆದು, ಸಾಹುಕಾರರು ಮುನಿಸಿಕೊಂಡರು. "ಹಂಗಾರ ನಾ ಯಾತಕ್ಕ ಇರೂದ್ರಿ? ಬಂದವರಿಗೆ ಹೂಂ ಅನ್ನಾಕೂ ನನಗ ಅಧಿಕಾರ ಇಲ್ಲೇನು? ನಮ್ಮಪ್ಪನೂ ಇದ ಗಾದಿ ಮ್ಯಾಲೆ ಕುಂತು ಇಲ್ಲಾ ಅಂದವನಲ್ಲ." ಅದು ಬರೀ ಹಟವಾಗಿರಲಿಲ್ಲ. ಬಂದವರನ್ನು ಬರಿಗೈಲಿ ಕಳಿಸದ ಮನೆತನ ಎಂಬ ಹೆಸರು ಅವರಿಗೆ ಮಿಲ್ಲಿಗಿಂತ ದೊಡ್ಡದು. ಅದನ್ನು ಕಸಿದುಕೊಳ್ಳುವ ಹಕ್ಕು ನನಗಿರಲಿಲ್ಲ.

"ಸಾವ್ಕಾರ್ರ, ಎಲ್ಲಾರಿಗೂ ರಜಾ ಕೊಟ್ಟೀರಿ. ನೀವು ಕಡೀಕ ರಜಾ ತಗೊಂಡಿದ್ದು ಯಾವಾಗ?" ಎಂದು ಕೇಳಿದೆ.

ಅವರು ಯೋಚಿಸತೊಡಗಿದರು. ಉತ್ತರ ಒಳಗಿನಿಂದ ಬಂತು. "ರಜಾ ಅಂತ ರಜಾ!" ಎಂದು ನೀಲವ್ವ ಪಾತ್ರೆ ಸದ್ದು ಮಾಡುತ್ತ ಅಂದರು. "ಲಗ್ನ ಆದಾಗಿಂದ ಶ್ರೀಶೈಲಕ್ಕ ಹೋಗೂಣು ಅಂತ ಕೇಳಾಕ್ಹತ್ತೇನಿ. ಗಿರಣಿ ಯಾರ ನೋಡಬೇಕು ಅಂತಾರ. ಮೊಮ್ಮಕ್ಕಳಾದ್ವು, ಇನ್ನೂ ಗಿರಣಿ ಯಾರ ನೋಡಬೇಕು ಅಂತನ ಅಂತಾರ."

ಸಾಹುಕಾರರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಗಾದಿಯ ಮೇಲೆ ಕುಳಿತವರ ಇಂಥ ಮೌನಕ್ಕೆ ಅಡ್ಡ ಬರಬೇಡಿ. ನಾನು ಆ ಮೌನದಲ್ಲಿ ಎರಡು ಲವಂಗ ಮುಗಿಸಿದೆ. ಕೊನೆಗೆ ಅವರು, "ನಾ ಏನ ಅನ್ನಬೇಕಂತೀರಿ?" ಎಂದು ಕೇಳಿದರು. "ನೀವ ಹೇಳ್ರಿ" ಅಂದೆ. ಅವರು ತಾವೇ ಮೂರು ಶಬ್ದ ಹುಡುಕಿಕೊಂಡರು: "ಹೋಗಿ ರಮೇಶನ್ನ ಕೇಳು."

ಮೂರೇ ಶಬ್ದ, ಆದರೆ ಅವು ಅವರ ಗಂಟಲಿನಿಂದ ಹೊರಬರಲು ಪಟ್ಟ ಪಾಡು ಅಷ್ಟಿಷ್ಟಲ್ಲ. ನಾವು ತಾಲೀಮು ಮಾಡಿದೆವು. ನಾನು ಹಮಾಲನಾಗಿ ಗಾದಿಯ ಮುಂದೆ ಕೈ ಕಟ್ಟಿ ನಿಂತು, "ಸಾವ್ಕಾರ್ರ, ನಮ್ಮ ಮಾವಗ ಆರಾಮಿಲ್ರಿ. ನಾಳೆ ರಜಾ ಬೇಕಾಗೇತ್ರಿ" ಎನ್ನುತ್ತಿದ್ದೆ. ಸಾಹುಕಾರರು ಲೋಡನ್ನು ಗಟ್ಟಿಯಾಗಿ ಹಿಡಿದು, "ಹೋಗಿ..." ಎನ್ನುತ್ತಿದ್ದರು. ಅಲ್ಲಿಗೇ ನಿಲ್ಲುತ್ತಿದ್ದರು. ಆಮೇಲೆ, "ಹೋಗಿ ಬಾ ಬಿಡ. ಏನಾಗೇತಿ ಮಾವಗ?" ಎಂದು ನಿಜವಾಗಿ ಕಳವಳದಿಂದ ಕೇಳುತ್ತಿದ್ದರು. ನನಗೆ ಮಾವನೇ ಇಲ್ಲ. ನೀಲವ್ವ ಬಾಗಿಲ ಸಂದಿಯಿಂದ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ನೀಲವ್ವ ಮಾತ್ರ ಒಂದೇ ದಿನದಲ್ಲಿ ತಮ್ಮ ದಾರಿ ಕಂಡುಕೊಂಡರು. ಹೊಸ್ತಿಲಿಗೆ ಬಂದವರಿಗೆ ಅಡ್ಡ ಮಾತು ಆಡಬಾರದಲ್ಲ. ಅದಕ್ಕೆ ಮಜ್ಜಿಗೆ ಕೊಡುತ್ತ, "ಹೋಗಿ ಬಾರಪ್ಪಾ. ಹಂಗ ಮುಂದಿನ ಬಾಗಿಲದಾಗ ರಮೇಶಪ್ಪಗೂ ಹೋಗಿ ಬರ್ತೇನಿ ಅಂತ ಹೇಳು. ಅಂವ ಹೋಗಿ ಬಾ ಅಂದ್ರ ಪೂರಾ ಆತು" ಎನ್ನತೊಡಗಿದರು. ಶಾಸ್ತ್ರವೂ ಉಳಿಯಿತು, ಮಿಲ್ಲೂ ಉಳಿಯಿತು. ನನ್ನ ಇಷ್ಟು ವರ್ಷದ ಅನುಭವದಲ್ಲಿ ಇದಕ್ಕಿಂತ ಚೆಂದದ ಉತ್ತರ ನನಗೆ ಹೊಳೆಯುತ್ತಿರಲಿಲ್ಲ.

ರಮೇಶನ ಬಾಯಿಯ ಗಂಟು ಬೇರೆಯೇ ಇತ್ತು. ಸಂಜೆ ಹೊತ್ತು ಎಲ್ಲರೂ ಮಿಲ್ಲಿನ ಮುಂದಿನ ಕಲ್ಲುಕಟ್ಟೆಯ ಮೇಲೆ ಕುಳಿತು ಗಿರಮಿಟ್, ಮಿರ್ಚಿ ತಿನ್ನುತ್ತ ಹರಟುತ್ತಿದ್ದರು. ಯಾರ ಮನೆಯಲ್ಲಿ ಕಾರ್ಯ, ಯಾವ ಮಷಿನ್ ಮುನಿಸಿಕೊಂಡಿದೆ, ಎಲ್ಲ ಸುದ್ದಿ ಅಲ್ಲೇ. ರಮೇಶ ಹೊರಗೆ ಬಂದ ಕೂಡಲೇ ಮಾತು ನಿಲ್ಲುತ್ತಿತ್ತು, ಎಲ್ಲರೂ ಏಳುತ್ತಿದ್ದರು. ನಮ್ಮ ಕಡೆ ಸಾಹೇಬರು ಬಂದಾಗ ಕುಳಿತಿರುವುದು ಉದ್ಧಟತನ. ಎದ್ದವರ ಮುಂದೆ ಅವನು ನಿಂತೇ ಇರುತ್ತಿದ್ದ. ನಿಂತ ಮೇಲೆ ಹುಕುಮು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಕೂಡ್ರಿ ಎಂದರೂ ಯಾರೂ ಕೂರುತ್ತಿರಲಿಲ್ಲ.

"ಅವರು ಏಳೂದು ಯಾವಾಗ?" ಎಂದಷ್ಟೇ ಕೇಳಿದೆ.

"ನಾ ಹೋದಾಗ್ರಿ."

"ಮತ್ತ?"

ಅವನು ತಲೆ ಕೆರೆದುಕೊಂಡ. ಒಂದೆರಡು ದಿನ ಬಿಟ್ಟು ಫೋನ್ ಮಾಡಿದ. "ಅಕ್ಕಾರ, ನಾ ಮೊದಲ ಹೋಗಿ ಕುಂತ್ರ ಯಾರೂ ಏಳೂದ ಬ್ಯಾಡಲ್ರಿ!" ಧ್ವನಿಯಲ್ಲಿ ಖುಷಿ ಕುಣಿಯುತ್ತಿತ್ತು. ಅಂದು ಸಂಜೆ ಗಿರಮಿಟ್ ಬರುವ ಮೊದಲೇ ಅವನು ಕಟ್ಟೆಯ ಮೇಲೆ ಹೋಗಿ ಕುಳಿತಿದ್ದನಂತೆ. ಮಂದಿ ಬಂದು ಅವನನ್ನು ನೋಡಿ ದೂರದಲ್ಲೇ ಸುಳಿದಾಡಿದರಂತೆ. ಕೊನೆಗೆ ಹನಮಪ್ಪನೇ ಹತ್ತಿರ ಬಂದು, "ಸರಿಯೋ ಲೇ ರಮ್ಯಾ" ಎಂದು ನಾಲಿಗೆ ಕಚ್ಚಿಕೊಂಡು, "ಸರೀರಿ ಸಾಹೇಬ್ರ" ಅಂದನಂತೆ. ರಮೇಶ ಸರಿದು ಕೂತು ಮಿರ್ಚಿ ಕೊಟ್ಟ.

ಆ ಕಟ್ಟೆಯ ಮೇಲೆಯೇ ಲಗ್ನಗಳ ಇತ್ಯರ್ಥ ಶುರುವಾಯಿತು. ಕಾರ್ಯ ಇದ್ದವರು ವಾರ ಮೊದಲೇ ಹೇಳಬೇಕು. ಅರ್ಧ ಮಂದಿ ಅರಿಷಿಣಕ್ಕೆ ಹೋಗುವುದು, ಅರ್ಧ ಮಂದಿ ಅಕ್ಕಿಕಾಳಿನ ಮುಹೂರ್ತಕ್ಕೆ ಹೋಗುವುದು. ಊಟದ ಪಂಕ್ತಿಗೆ ಯಾರು ಎಂಬಲ್ಲಿ ಮಾತ್ರ ಜಗಳವಾಯಿತು. ಅದಕ್ಕೆ ರಮೇಶ ಸರದಿ ಹಚ್ಚಿದ. ತನ್ನ ಸರದಿಯನ್ನೂ ಸೇರಿಸಿದ. ಮಷಿನ್ ನಿಲ್ಲಲಿಲ್ಲ, ಲಾರಿ ಕಾಯಲಿಲ್ಲ. ಬಾಯಿಗೆ ಅಂಜಿ ಬಿಟ್ಟುಹೋಗಿದ್ದ ಇಬ್ಬರು ಹಳೆಯ ಆಳುಗಳು ಮರಳಿ ಬಂದರು. ಅವರು ಬಿಟ್ಟದ್ದು ಬೈಗುಳಕ್ಕಲ್ಲವಂತೆ. ಒಬ್ಬರು ಬ್ಯಾಡ ಅಂತಾರ, ಒಬ್ಬರು ಹೂಂ ಅಂತಾರ, ಯಾರ ಮಾತು ಕೇಳಬೇಕು ತಿಳಿಯದೆ ಬಿಟ್ಟದ್ದಂತೆ.

ಎಲ್ಲ ಸಲೀಸಾಯಿತು ಎಂದುಕೊಳ್ಳಬೇಡಿ. ಸಾಹುಕಾರರು ಜಾರಿ ಬೀಳುತ್ತಲೇ ಇದ್ದರು. ಒಮ್ಮೆ ಹನಮಪ್ಪ ಮೊಳಕಾಲು ನೋವೆಂದಾಗ ರಜೆ ಕೊಟ್ಟು, ಆಮೇಲೆ ತಾವೇ ರಮೇಶನ ಕೋಣೆಯ ಬಾಗಿಲಲ್ಲಿ ನಿಂತು, "ಒಂದ ತಪ್ಪಾತಪಾ" ಎಂದು ಹೇಳಿ ಬಂದಿದ್ದರು. ಇನ್ನೊಮ್ಮೆ ರಮೇಶ ಹಳೆಯ ಧ್ವನಿಯಲ್ಲಿ ಚೀರಿದ್ದು ನಾನೇ ಕೇಳಿದೆ. ಯುಗಾದಿ ಹತ್ತಿರವಾಗುತ್ತಿತ್ತು. ಸಾಹುಕಾರರು ಆ ಮಾತನ್ನೇ ಎತ್ತುತ್ತಿರಲಿಲ್ಲ. ಅವರು ಎತ್ತದಷ್ಟೂ ರಮೇಶ ಸೊರಗುತ್ತಿದ್ದ. "ಅಪ್ಪ ಹಬ್ಬಕ್ಕ ಹೊಸಾ ಧೋತರ ತಗೊಂಡಾನ್ರಿ. ಸಾವ್ಕಾರ್ರಿಗೆ ಬೇವು-ಬೆಲ್ಲಾ ಕೊಡಾಕ ಬರ್ತಾನಂತ. ಅವತ್ತ ನನ್ನ ಕೈಯಾಗ ಕೀಲಿ ಇಲ್ಲಂದ್ರ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಹಬ್ಬಕ್ಕೆ ಒಂದು ವಾರವೂ ಇರಲಿಲ್ಲ. ನಮ್ಮ ಕೊನೆಯ ಭೇಟಿ, ಸಂಜೆಯ ಹೊತ್ತು. ರಮೇಶನ ಕೋಣೆಯಲ್ಲಿ ಕುಳಿತಿದ್ದೆವು. ಅವನು ಕಿಟಕಿಯಾಚೆ ನೋಡಿದವನು ಹಾಗೇ ಬಿಳಿಚಿಕೊಂಡ. ಸಾಹುಕಾರರು ಮತ್ತು ನೀಲವ್ವ ಇಬ್ಬರೂ ಅಂಗಳ ದಾಟಿ ಬರುತ್ತಿದ್ದರು. ನೀಲವ್ವ ಮುಂದಿನ ಬಾಗಿಲಿಗೆ ಬಂದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ರಮೇಶನೂ ಎದ್ದ. ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಟೇಬಲ್ಲಿನ ಮೇಲೆ ಇಟ್ಟ.  

ಸಾಹುಕಾರರು ಕೀಲಿ ನೋಡಿದರು. "ಇದನ್ಯಾಕ ಬಿಚ್ಚಿಟ್ಟಿ?" ಅಂದರು. ಉತ್ತರಕ್ಕೆ ಕಾಯದೆ ಹೆಂಡತಿಯ ಕಡೆ ತಿರುಗಿ, "ನೀನ ಕೇಳ. ನನಗ ಬಾಯಿ ಬರವಲ್ದು" ಅಂದರು.

ನೀಲವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೊಸ್ತಿಲಾಚೆಯೇ ನಿಂತರು. "ರಮೇಶಪ್ಪಾ, ಹಿತ್ತಲ ಬಾಗಿಲ ಮುಚ್ಚೇನಿ. ಅದಕ್ಕ ಮುಂದಿನ ಬಾಗಿಲಕ್ಕ ಬಂದೇನಿ. ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ ಸನ್ನಿಧಿಯೊಳಗ ಇರಬೇಕಂತ ನನ್ನ ಆಸೆ. ನಮ್ಮ ಮನಿಯವರಿಗೆ ರಜಾ ಬೇಕಾಗೇತಿ. ನಾಳೆನ ಹೊಂಡಬೇಕಂತೇವಿ. ಕೊಡ್ತೀಯೇನಪಾ?"

ರಮೇಶ ಅವರನ್ನು ನೋಡಿದ, ಸಾಹುಕಾರರನ್ನು ನೋಡಿದ, ನನ್ನನ್ನು ನೋಡಿದ. ನಾನು ಲವಂಗ ಕಚ್ಚಿಕೊಂಡು ಗೋಡೆ ನೋಡಿದೆ. ಹೂಂ ಅನ್ನು ಮಾರಾಯಾ, ಹೂಂ ಅಂದುಬಿಡು ಎಂದು ನನ್ನ ಇಡೀ ಜೀವ ಒದ್ದಾಡುತ್ತಿತ್ತು.

ಅವನು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದ. ಬೆರಳಿಟ್ಟು ನೋಡಿದ. "ನಾಳೆ ಆಗಂಗಿಲ್ರಿ ಅವ್ವಾರ," ಅಂದ, ಮೆತ್ತಗೆ. "ಶನಿವಾರ ಹುಬ್ಬಳ್ಳಿ ವ್ಯಾಪಾರಸ್ಥರು ಬರ್ತಾರ. ಅವರು ಸಾವ್ಕಾರ್ರ ಜೋಡಿನ ಮಾತಾಡಬೇಕಂದಾರ. ಅದು ಮುಗೀಲ್ರಿ. ಐತವಾರ ಮುಂಜಾನೆ ಹೊಂಡ್ರಿ, ಹಬ್ಬಕ್ಕ ಮುಟ್ಟತೀರಿ. ವಾಪಸ್ ಬರಾಕ ಅವಸರಾ ಮಾಡಬ್ಯಾಡ್ರಿ, ಗಿರಣಿ ನಾ ನೋಡಿಕೋತೇನಿ."

 ಸಾಹುಕಾರರು ನಿಧಾನವಾಗಿ ಕೀಲಿಗೊಂಚಲು ಎತ್ತಿಕೊಂಡು, ರಮೇಶನ ಕೈ ಹಿಡಿದು, ಅಂಗೈಯಲ್ಲಿ ಇಟ್ಟು ಮುಚ್ಚಿದರು. ಆಮೇಲೆ ಹೊರಗೆ ಹೋಗಿ ಅಂಗಳದ ನಡುವೆ ನಿಂತು, ಇಡೀ ಊರಿಗೆ ಕೇಳುವ ಹಾಗೆ ಕೂಗಿದರು: "ಏ ಹನಮಪ್ಪಾ, ಕೇಳಿದೇನೋ? ನನ್ನ ಗಿರಣ್ಯಾಗ ನನಗ ರಜಾ ಸಿಗಲಿಲ್ಲೋ!" ಅವರ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ವಾರ ಮೊದಲ ಹೇಳಬೇಕ್ರಿ ಸಾವ್ಕಾರ್ರ," ಅಂದ ಹನಮಪ್ಪ ಕಟ್ಟೆಯ ಮೇಲಿಂದ. "ನಾವೆಲ್ಲಾ ಹಂಗ ಹೇಳ್ತೇವಿ."

ಇದರಿಂದ ನಮಗೆ ಗಿಟ್ಟುವುದೇನು ಎಂದು ಸಾಹುಕಾರರು ಮತ್ತೆ ನನ್ನನ್ನು ಕೇಳಲಿಲ್ಲ. ನಾನೂ ಅವರನ್ನು ಕೇಳಲಿಲ್ಲ. ನೀಲವ್ವ ಇನ್ನೂ ರಮೇಶನ ಹೊಸ್ತಿಲಲ್ಲೇ ನಿಂತಿದ್ದರು. ಕಣ್ಣಂಚು ಒರೆಸಿಕೊಂಡು, "ಹಂಗಾರ ಐತವಾರ ಹೋಗಿ ಬರ್ತೇವಪಾ" ಅಂದರು.

ರಮೇಶ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದ.

"ಹೋಗಿ ಬರ್ರಿ ಅವ್ವಾರ," ಅಂದ.